ಮನೆ ಮುಂದಿನ ಕಾಂಕ್ರೀಟು: ನೋಡಿ, ಎಣಿಸಿ, ಬರೆದಿಡಿ



ಗೇಟಿನಿಂದ ಬಾಗಿಲವರೆಗೆ ಕಾಂಕ್ರೀಟು ಹಾಕಿಸಿದರೆ ಎಷ್ಟು ಅನುಕೂಲ! ಮಳೆಗಾಲದಲ್ಲಿ ಕೆಸರಿಲ್ಲ. ಸ್ಕೂಟರು ಒಳಗೆ ಬರುತ್ತದೆ. ರಾಗಿ ಒಣಗಿಸಬಹುದು. ಅದಕ್ಕೇ ನಮ್ಮ ಬಂಗಾರಪೇಟೆ, ಕೆಜಿಎಫ್ ಕಡೆ ಹಳ್ಳಿಗಳಲ್ಲೂ ಪೇಟೆಯಲ್ಲೂ ಜನ ಕಾಂಕ್ರೀಟು ಹಾಕಿಸುತ್ತಾರೆ.

ಒಂದು ಮನೆ ಅಂದುಕೊಳ್ಳೋಣ. ಆ ಮನೆಯ ತಾಯಿ ಸಂಘದಲ್ಲಿ ಸಾಲ ತೆಗೆದಳು. ಮೇಸ್ತ್ರಿಗೆ ಗುತ್ತಿಗೆ ಕೊಟ್ಟಳು. ಒಂದೇ ದಿನದಲ್ಲಿ ಕೆಲಸ ಮುಗಿಯಿತು. ನೋಡಲು ಕನ್ನಡಿ ಹಾಗೆ ನುಣುಪು. ಸಂಜೆಗೇ ಪೂರ್ತಿ ದುಡ್ಡು ಎಣಿಸಿ ಕೊಟ್ಟಳು. ಹದಿನೈದು ದಿನ ಕಳೆಯಿತು. ಗುಡಿಸಿದರೆ ಬೂದಿ ಹಾಗೆ ಪುಡಿ ಏಳುತ್ತದೆ. ನಡುವೆ ಉದ್ದಕ್ಕೂ ಬಿರುಕು. ನೀರು ಹಾಕಿದರೆ ಬಾಗಿಲ ಕಡೆಗೇ ಬರುತ್ತದೆ. ಮೇಸ್ತ್ರಿಯನ್ನು ಕೇಳಿದರೆ, "ಬಿಸಿಲಿಗೆ ಹಂಗೇ ಅಕ್ಕಾ, ಸರಿಹೋಗುತ್ತೆ" ಅಂತಾನೆ.

ಸರಿಹೋಗುವುದಿಲ್ಲ. ಆದರೆ ಸಾಲದ ಕಂತು ಮಾತ್ರ ಪ್ರತಿ ವಾರ ಕಟ್ಟಬೇಕು.

ಹೀಗಾಗಬಾರದು ಅಂದರೆ ಏನು ಮಾಡಬೇಕು? ಆಗಿಬಿಟ್ಟರೆ ಏನು ಮಾಡಬೇಕು? ಎರಡನ್ನೂ ಓದಿ ತಿಳಿಯೋಣ.

ಕಾಂಕ್ರೀಟು ಅಂದರೆ ಏನು?

ಸಿಮೆಂಟು, ಮರಳು, ಜಲ್ಲಿ, ನೀರು. ಈ ನಾಲ್ಕೂ ಸೇರಿದರೆ ಕಾಂಕ್ರೀಟು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಆಳದಲ್ಲಿ ಬಂಡೆ ಬೀಳದ ಹಾಗೆ ಹಿಡಿಯಲು ಮೊದಲು ಕಲ್ಲಿನ ಗೋಡೆ ಕಟ್ಟುತ್ತಿದ್ದರು. ಆಮೇಲೆ ಕಾಂಕ್ರೀಟನ್ನೂ ತುಂಬಿದರು. ಬಂಡೆಯ ಭಾರವನ್ನೇ ಹೊರುವ ಶಕ್ತಿ ಅದಕ್ಕಿದೆ. ಆದರೆ ಬೆರೆಸುವ ಲೆಕ್ಕ ತಪ್ಪಿದರೆ ಸ್ಕೂಟರಿನ ಭಾರವನ್ನೂ ತಡೆಯುವುದಿಲ್ಲ.

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಆಮೇಲೆ ಸಾವಿರಾರು ಜನ ಕೂಲಿಗಾಗಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುತ್ತಿದ್ದಾರೆ. ನಿಮ್ಮಲ್ಲಿ ಕೆಲವರು ಅಲ್ಲಿ ಕಟ್ಟಡ ಕೆಲಸದಲ್ಲಿ ಬಾಂಡ್ಲಿ ಹೊತ್ತಿರಬಹುದು. ಹೊತ್ತವರಿಗೆ ಮಾಲು ಗಟ್ಟಿಯೋ ನೀರೋ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಪರರ ಮನೆಯಲ್ಲಿ ಕಲಿತದ್ದನ್ನು ನಮ್ಮ ಮನೆಗೂ ಬಳಸೋಣ.

ಬೆರೆಸುವ ಲೆಕ್ಕ

ಗಾಡಿ ಓಡಾಡುವ ಜಾಗಕ್ಕೆ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಇರಬೇಕು. ಜಲ್ಲಿ ಮುಕ್ಕಾಲು ಇಂಚಿನದು.

ಅಳೆಯುವುದು ಹೇಗೆ? ಒಂದು ಚೀಲ ಸಿಮೆಂಟು ಎಷ್ಟು ಬಾಂಡ್ಲಿ ಆಗುತ್ತದೆ ಅಂತ ಮೊದಲು ನೋಡಿ. ನಾಲ್ಕು ಬಾಂಡ್ಲಿ ಆಯಿತು ಅನ್ನಿ. ಆಗ ಮರಳು ಆರು ಬಾಂಡ್ಲಿ. ಜಲ್ಲಿ ಹನ್ನೆರಡು ಬಾಂಡ್ಲಿ. ಸಲಿಕೆಯಲ್ಲಿ ಅಂದಾಜಿಗೆ ಎಳೆದು ಹಾಕಿದರೆ ಲೆಕ್ಕ ತಪ್ಪುತ್ತದೆ.

ನೀರು ಎಷ್ಟು? ಮುದ್ದೆ ಮಾಡುವವರಿಗೆ ಎಸರಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ. ನೀರು ಹೆಚ್ಚಾದರೆ ಮುದ್ದೆ ಹೋಗಿ ಅಂಬಲಿ ಆಗುತ್ತದೆ. ಕಾಂಕ್ರೀಟೂ ಹಾಗೇ. ಒಂದು ಚೀಲ ಸಿಮೆಂಟಿಗೆ 25ರಿಂದ 30 ಲೀಟರ್ ನೀರು ಸಾಕು. 15 ಲೀಟರಿನ ಬಿಂದಿಗೆ ಆದರೆ ಎರಡೇ ಬಿಂದಿಗೆ. ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ.

ಕೆಲವರು ನೀರು ಯಾಕೆ ಹೆಚ್ಚು ಸುರಿಯುತ್ತಾರೆ? ಮಾಲು ತೆಳ್ಳಗಾದರೆ ಎಳೆಯುವುದು ಸುಲಭ. ಕೆಲಸ ಬೇಗ ಮುಗಿಯುತ್ತದೆ. ಆದರೆ ಆ ಹೆಚ್ಚಿನ ನೀರು ಆಮೇಲೆ ಒಣಗಿ ಹೋಗುತ್ತದೆ. ಅದು ಇದ್ದ ಜಾಗ ಒಳಗೆ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. ಕಾಂಕ್ರೀಟಿನ ಬಲ ಇಳಿಯುತ್ತದೆ. ಮೇಲ್ಭಾಗ ಪುಡಿಯಾಗುತ್ತದೆ.

ಮರಳು ಒಳ್ಳೆಯದೋ ಅಲ್ಲವೋ?

ನಮ್ಮ ಕೋಲಾರ ಜಿಲ್ಲೆಯಲ್ಲಿ ಮರಳಿಗೆ ಮೊದಲಿಂದಲೂ ಕಷ್ಟ. ಕೆರೆ ಅಂಗಳದ ಮಣ್ಣನ್ನು ನೀರಲ್ಲಿ ತೊಳೆದು ಮರಳು ಅಂತ ಮಾರುವುದು ಇಲ್ಲಿ ನಡೆದಿದೆ. ಇದನ್ನೇ ಫಿಲ್ಟರ್ ಮರಳು ಅನ್ನುತ್ತಾರೆ. ಇದರಿಂದ ಕೆರೆಯೂ ಹಾಳು. ಮಣ್ಣು ಪೂರ್ತಿ ಹೋಗದಿದ್ದರೆ ಕಟ್ಟಡವೂ ಹಾಳು. ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ಈಗ ಸಿಗುತ್ತದೆ. ಅದರಲ್ಲೂ ಧೂಳು ಹೆಚ್ಚಿರಬಾರದು.

ಕೆಜಿಎಫ್‌ನವರಿಗೆ ಇನ್ನೊಂದು ಮಾತು. ಸೈನೈಡ್ ಗುಡ್ಡೆಯ ಮಣ್ಣು ಮರಳಲ್ಲ. ಅದು ಚಿನ್ನ ತೆಗೆಯಲು ಹಿಟ್ಟಿನ ಹಾಗೆ ಅರೆದ ಕಲ್ಲಿನ ಉಳಿಕೆ. ತೀರ ನಯ. ಅದರಲ್ಲಿ ಔಷಧಿಯ ಅಂಶವೂ ಸೇರಿದೆ. ಅದನ್ನು ಮನೆ ಕೆಲಸಕ್ಕೆ ತರಲೇಬಾರದು.

ಮರಳನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಗಾಜಿನ ಸೀಸೆಯಲ್ಲಿ ಅರ್ಧ ಮರಳು ಹಾಕಿ. ಮುಕ್ಕಾಲು ಭಾಗಕ್ಕೆ ನೀರು ತುಂಬಿ. ಚೆನ್ನಾಗಿ ಕುಲುಕಿ. ಮೂರು ಗಂಟೆ ಅಲುಗಿಸದೆ ಇಡಿ. ಮರಳು ಕೆಳಗೆ ಇಳಿಯುತ್ತದೆ. ಮಣ್ಣು ಅದರ ಮೇಲೆ ಪದರವಾಗಿ ಕೂರುತ್ತದೆ. ಮಕ್ಕಳ ಸ್ಕೇಲಿನಲ್ಲಿ ಎರಡನ್ನೂ ಅಳೆಯಿರಿ. ಹತ್ತು ಪಾಲು ಮರಳಿದ್ದರೆ ಮಣ್ಣು ಒಂದು ಪಾಲಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಆ ಲೋಡನ್ನು ಇಳಿಸಿಕೊಳ್ಳಬೇಡಿ.

ಸಿಮೆಂಟು ಚೀಲದ ಮೇಲೆ ತಯಾರಾದ ವಾರ, ತಿಂಗಳು, ವರ್ಷ ಅಚ್ಚಾಗಿರುತ್ತದೆ. ಈಗ ನಿಮಗೆ ಓದಲು ಬರುತ್ತದೆ. ಓದಿ. ಮೂರು ತಿಂಗಳಿಗಿಂತ ಹಳೆಯದಾದರೆ ಬೇಡ. ಕೈ ಒಳಗೆ ಇಟ್ಟರೆ ತಣ್ಣಗಿರಬೇಕು. ಗಂಟು ಇರಬಾರದು. ಕೈಯನ್ನು ಕೂಡಲೇ ತೊಳೆದುಕೊಳ್ಳಿ. ಸಿಮೆಂಟು ಚರ್ಮ ಸುಡುತ್ತದೆ.

ಎಷ್ಟು ಚೀಲ ಬೇಕು?

ಸ್ಕೂಟರು, ಕಾರು ಬರುವ ಜಾಗಕ್ಕೆ ನಾಲ್ಕು ಇಂಚು ದಪ್ಪ ಬೇಕು. ಟ್ರ್ಯಾಕ್ಟರು ಬರುವುದಾದರೆ ಆರು ಇಂಚು.

ಒಂದು ಲೆಕ್ಕ ಮಾಡೋಣ. ಉದ್ದ 20 ಅಡಿ. ಅಗಲ 10 ಅಡಿ. ದಪ್ಪ 4 ಇಂಚು. ಇದಕ್ಕೆ ಸುಮಾರು 15 ಚೀಲ ಸಿಮೆಂಟು ಬೇಕು. ದಪ್ಪ ಮೂರೇ ಇಂಚು ಹಾಕಿದರೆ 11 ಅಥವಾ 12 ಚೀಲಕ್ಕೆ ಮುಗಿದುಹೋಗುತ್ತದೆ. ಅಂದರೆ ಸಂಜೆ ಖಾಲಿ ಚೀಲ ಎಣಿಸಿದರೆ ಸಾಕು. 15 ಇರಬೇಕಾದ ಕಡೆ 10 ಇದ್ದರೆ, ಒಂದೋ ದಪ್ಪ ಕಡಿಮೆ, ಇಲ್ಲಾ ಸಿಮೆಂಟು ಕಡಿಮೆ. ಖಾಲಿ ಚೀಲಗಳನ್ನು ಯಾರಿಗೂ ಕೊಡಬೇಡಿ. ಒಂದು ತಿಂಗಳು ಇಟ್ಟುಕೊಳ್ಳಿ. ಅವೇ ನಿಮ್ಮ ಸಾಕ್ಷಿ.

ಹಾಕುವ ದಿನ ಏನೇನು ನೋಡಬೇಕು?

ಕೆಳಗಿನ ಮಣ್ಣನ್ನು ನೀರು ಹಾಕಿ ಚೆನ್ನಾಗಿ ದಮ್ಮಸ್ಸು ಮಾಡಿರಬೇಕು. ಸಡಿಲ ಮಣ್ಣಿನ ಮೇಲೆ ಹಾಕಿದರೆ ಕುಸಿದು ಬಿರಿಯುತ್ತದೆ.

ಇಳಿಜಾರು ಬಾಗಿಲಿಂದ ಹೊರಕ್ಕೆ ಇರಬೇಕು. ಹತ್ತು ಅಡಿಗೆ ಸುಮಾರು ಎರಡೂವರೆ ಇಂಚು ಇಳಿಜಾರು ಸಾಕು.

ಬೆರೆಸಿದ ಮಾಲನ್ನು ಅರ್ಧ ಗಂಟೆಯೊಳಗೆ ಹಾಕಿ ಮುಗಿಸಬೇಕು. ಬಿಗಿದ ಮಾಲಿಗೆ ಮತ್ತೆ ನೀರು ಸುರಿದು ಬಳಸಬಾರದು.

ಎಂಟರಿಂದ ಹತ್ತು ಅಡಿಗೆ ಒಂದು ಅಡ್ಡ ಗೀರು ಬೇಕು. ನಾಲ್ಕು ಇಂಚು ದಪ್ಪಕ್ಕೆ ಒಂದು ಇಂಚು ಆಳದ ಗೀರು. ಯಾಕೆ? ಒಣಗುವಾಗ ಕಾಂಕ್ರೀಟು ಸ್ವಲ್ಪ ಕುಗ್ಗುತ್ತದೆ. ಕುಗ್ಗುವಾಗ ಎಲ್ಲಾದರೂ ಬಿರಿಯಲೇಬೇಕು. ಗೀರು ಇದ್ದರೆ ಗೀರಿನೊಳಗೇ ಬಿರಿಯುತ್ತದೆ. ಇಲ್ಲದಿದ್ದರೆ ತನಗೆ ತೋಚಿದ ಕಡೆ ಬಿರಿಯುತ್ತದೆ.

ಮೇಲೆ ನೀರು ತೇಲುತ್ತಿರುವಾಗ ಒಣ ಸಿಮೆಂಟು ಚೆಲ್ಲಿ ಕರಣೆಯಲ್ಲಿ ತಿಕ್ಕಬಾರದು. ಆ ದಿನ ನುಣುಪಾಗಿ ಕಾಣುತ್ತದೆ. ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ನೀರು ಕುಡಿಸುವುದು

ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ. ನೀರು ಕುಡಿದು ಗಟ್ಟಿಯಾಗುತ್ತದೆ. ಇದಕ್ಕೆ ಕ್ಯೂರಿಂಗ್ ಅನ್ನುತ್ತಾರೆ. ಮಾರನೆ ದಿನವೇ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಇಲ್ಲವೇ ಒದ್ದೆ ಗೋಣಿಚೀಲ ಹಾಸಿ. ಕಡಿಮೆ ಅಂದರೆ ಏಳು ದಿನ. ಚೀಲದ ಮೇಲೆ ಪಿ.ಪಿ.ಸಿ. ಅಂತ ಇದ್ದರೆ ಹತ್ತು ದಿನ. ಬೇಸಿಗೆಯಲ್ಲಿ ಹದಿನಾಲ್ಕು ದಿನ ಮಾಡಿದರೆ ಇನ್ನೂ ಒಳ್ಳೆಯದು.

ಪೂರ್ತಿ ಬಲ ಬರಲು 28 ದಿನ ಬೇಕು. ಏಳು ದಿನ ಯಾವ ಗಾಡಿಯೂ ಬೇಡ. 28 ದಿನ ಟ್ರ್ಯಾಕ್ಟರು, ಲಾರಿ ಬೇಡ.

ನಮ್ಮ ಕಡೆ ನೀರಿಗೆ ಕಷ್ಟ, ನಿಜ. ಟ್ಯಾಂಕರ್ ನೀರಿಗೆ ದುಡ್ಡು ಕೊಡಬೇಕು. ಅದಕ್ಕೇ ನೀರು ಯಾರು ಹಾಕಬೇಕು, ಖರ್ಚು ಯಾರದು ಅಂತ ಮೊದಲೇ ಮಾತಾಡಿ ಬರೆದಿಡಿ. ಈ ಒಂದು ಮಾತು ಬರೆಯದೆ ಇದ್ದರೆ ಆಮೇಲೆ ತಪ್ಪೆಲ್ಲ ನಿಮ್ಮ ತಲೆಗೆ ಬರುತ್ತದೆ. "ನೀವು ನೀರು ಹಾಕಲಿಲ್ಲ ಅಕ್ಕಾ" ಅಂತಾರೆ. ದಿನಾ ನೀರು ಹಾಕಿದ್ದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಕೆಲಸ ಕೆಟ್ಟಿದೆ ಅಂತ ತಿಳಿಯುವುದು ಹೇಗೆ?

ಒಂದು. ಮೊಳೆಯಿಂದ ಗೀರಿ ನೋಡಿ. ಬಿಳಿ ಗೆರೆ ಮಾತ್ರ ಬಂದರೆ ಚಿಂತೆ ಇಲ್ಲ. ಪುಡಿ ಎದ್ದು ಕುಳಿ ಬಿದ್ದರೆ ಕೆಲಸ ಕೆಟ್ಟಿದೆ.

ಎರಡು. ಸಣ್ಣ ಕಲ್ಲಿನಿಂದ ತಟ್ಟಿ ಕೇಳಿ. ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಒಳಗೆ ಟೊಳ್ಳು.

ಮೂರು. ಒಂದು ಬಿಂದಿಗೆ ನೀರು ಸುರಿಯಿರಿ. ಹರಿದು ಹೊರಗೆ ಹೋಗಬೇಕು. ನಿಂತರೆ, ಬಾಗಿಲ ಕಡೆ ಬಂದರೆ ಮಟ್ಟ ತಪ್ಪಿದೆ.

ನಾಲ್ಕು. ಅಂಚಿನಲ್ಲಿ ಮಣ್ಣು ಸರಿಸಿ ದಪ್ಪ ಅಳೆಯಿರಿ. ನಾಲ್ಕು ಕಡೆ ಅಳೆಯಿರಿ. ಅಂಚಿನಲ್ಲಿ ಜೇನುಗೂಡಿನ ಹಾಗೆ ತೂತು ಕಂಡರೆ ಮಾಲನ್ನು ಸರಿಯಾಗಿ ಕುಟ್ಟಿ ಕೂರಿಸಿಲ್ಲ.

ಐದು. ಬಿರುಕು ನೋಡಿ. ಕೂದಲಿನಷ್ಟು ಸಣ್ಣ ಬಿರುಕಿಗೆ ಹೆದರಬೇಡಿ. ನಾಣ್ಯದ ಅಂಚು ಒಳಗೆ ಹೋದರೆ, ಅಥವಾ ಬಿರುಕಿನ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಆಗಿದ್ದರೆ ಅದು ದೊಡ್ಡ ದೋಷ.

ಕೆಜಿಎಫ್‌ನಲ್ಲಿ ಕೆಲವರು, "ಗಣಿ ಅದುರಿ ಬಿರುಕು ಬಂದಿದೆ" ಅನ್ನಬಹುದು. ಗಣಿ ನಡೆಯುತ್ತಿದ್ದಾಗ ಆಳದಲ್ಲಿ ಬಂಡೆ ಸಿಡಿದು ಮೇಲಿನ ಮನೆಗಳು ಅದುರುತ್ತಿದ್ದುದು ನಿಜ. ಹಿರಿಯರಿಗೆ ಅದು ಗೊತ್ತು. ಆದರೆ ಯಾವ ಅದುರೂ ಕಾಂಕ್ರೀಟಿನ ಮೇಲ್ಭಾಗವನ್ನು ಬೂದಿ ಮಾಡುವುದಿಲ್ಲ. ನಾಲ್ಕು ಇಂಚನ್ನು ಎರಡೂವರೆ ಇಂಚು ಮಾಡುವುದಿಲ್ಲ. ಆದ್ದರಿಂದ ಅಳತೆ ತೋರಿಸಿ ಮಾತಾಡಿ.

ಏನು ರಿಪೇರಿ ಕೇಳಬೇಕು?

ಕೂದಲ ಬಿರುಕಿಗೆ ಸಿಮೆಂಟ್ ಹಾಲು ತುಂಬಿದರೆ ಸಾಕು. ಮೇಲ್ಭಾಗ ಸ್ವಲ್ಪ ಮಾತ್ರ ಪುಡಿ ಏಳುತ್ತಿದ್ದರೆ ಉಜ್ಜಿ ತೊಳೆದು, ಗಟ್ಟಿ ಮಾಡುವ ದ್ರಾವಣ ಬಳಿಸಬಹುದು. ಒಂದು ಚೌಕ ಮಾತ್ರ ಕುಸಿದಿದ್ದರೆ ಆ ಚೌಕವನ್ನು ಗೀರಿನವರೆಗೆ ಒಡೆದು ಹೊಸದಾಗಿ ಹಾಕಬೇಕು. ಎಲ್ಲ ಕಡೆ ದಪ್ಪ ಕಡಿಮೆ ಇದ್ದರೆ, ಎಲ್ಲ ಕಡೆ ಕುಳಿ ಬೀಳುತ್ತಿದ್ದರೆ ಪೂರ್ತಿ ಒಡೆದು ಹಾಕಬೇಕು.

"ಮೇಲೆ ಒಂದು ಕೈ ಗಾರೆ ಎಳೆದುಕೊಡ್ತೀನಿ" ಅಂದರೆ ಒಪ್ಪಬೇಡಿ. ಸಡಿಲವಾದ ಕಾಂಕ್ರೀಟಿನ ಮೇಲೆ ತೆಳುವಾದ ಗಾರೆ ಹಿಡಿಯುವುದಿಲ್ಲ. ಹಪ್ಪಳದ ಹಾಗೆ ಏಳುತ್ತದೆ.

ದುಡ್ಡು ಕೊಡುವ ರೀತಿ

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ಗಾದೆ ಇದೆ. ಅದಕ್ಕೇ ಮೊದಲೇ ಒಂದು ಚೀಟಿ ಬರೆಯಿರಿ. ಉದ್ದ, ಅಗಲ, ದಪ್ಪ, ಎಷ್ಟು ಚೀಲ, ಒಟ್ಟು ದುಡ್ಡು, ನೀರು ಹಾಕುವವರು ಯಾರು, ಎಲ್ಲ ಬರೆಯಿರಿ. ಇಬ್ಬರೂ ಸಹಿ ಹಾಕಿ.

ದುಡ್ಡನ್ನು ಕಂತಿನಲ್ಲಿ ಕೊಡಿ. ಒಂದು ಪಾಲು ಸಾಮಾನು ಬಂದಾಗ. ಒಂದು ಪಾಲು ಕಾಂಕ್ರೀಟು ಹಾಕಿದಾಗ. ಕೊನೆ ಪಾಲು 28 ದಿನ ಆದ ಮೇಲೆ, ನೋಡಿ ಕೊಡುವುದು. ಇದನ್ನೂ ಚೀಟಿಯಲ್ಲಿ ಬರೆಯಿರಿ.

ಆದರೆ ಕೂಲಿಯವರ ದಿನಗೂಲಿ ಹಿಡಿದಿಡಬೇಡಿ. ಬಾಂಡ್ಲಿ ಹೊತ್ತ ಹೆಣ್ಣುಮಗಳು ಲೆಕ್ಕ ತಪ್ಪಿಸಿದವಳಲ್ಲ. ಸಿಮೆಂಟು ಎಷ್ಟು, ನೀರು ಎಷ್ಟು ಅಂತ ಹೇಳುವವನು ಮೇಸ್ತ್ರಿ. ಕೇಳಬೇಕಾದ್ದು ಅವನನ್ನು.

ಮಾತು, ಆಮೇಲೆ ಪತ್ರ

ಮೊದಲು ಜಗಳ ಬೇಡ. ದೋಷ ಇರುವ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮೊಬೈಲಿನಲ್ಲಿ ಫೋಟೋ ತೆಗೆಸಿ. ಮೇಸ್ತ್ರಿಯನ್ನು ಕರೆಸಿ. ಸಂಘದ ಇಬ್ಬರು ಜೊತೆಗಿರಲಿ. ಅಳೆದು ತೋರಿಸಿ. "ಅಣ್ಣಾ, ನಾಲ್ಕು ಇಂಚು ಅಂತ ಬರೆದಿದ್ದೀರಿ. ಇಲ್ಲಿ ಎರಡೂವರೆ ಇದೆ. ಯಾವತ್ತು ಸರಿಮಾಡಿ ಕೊಡ್ತೀರಿ?" ಅಂತ ಕೇಳಿ. ಹೆಸರು ಕೆಡಬಾರದು ಅನ್ನುವ ಮೇಸ್ತ್ರಿ ಅಲ್ಲೇ ಒಪ್ಪಿಕೊಳ್ಳುತ್ತಾನೆ.

ಒಪ್ಪದಿದ್ದರೆ ಪತ್ರ ಬರೆಯಿರಿ. ಹೀಗೆ ಬರೆಯಬಹುದು:

"ಮೇಸ್ತ್ರಿಯವರಿಗೆ ನಮಸ್ಕಾರ. ನೀವು ...... ನೇ ತಾರೀಖು ನಮ್ಮ ಮನೆ ಮುಂದೆ ಕಾಂಕ್ರೀಟು ಹಾಕಿದಿರಿ. ಅದಕ್ಕೆ ...... ರೂಪಾಯಿ ಕೊಟ್ಟಿದ್ದೇನೆ. ದಪ್ಪ ನಾಲ್ಕು ಇಂಚು ಅಂತ ಮಾತಾಗಿತ್ತು. ಈಗ ಅಳೆದರೆ ...... ಇಂಚು ಇದೆ. ಮೇಲ್ಭಾಗ ಪುಡಿ ಏಳುತ್ತಿದೆ. 15 ದಿನದೊಳಗೆ ಸರಿಮಾಡಿ ಕೊಡಿ. ಇಲ್ಲದಿದ್ದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಇಂತಿ, ......"

ತಾರೀಖು ಹಾಕಿ. ಸಹಿ ಹಾಕಿ. ಒಂದು ನಕಲು ಇಟ್ಟುಕೊಳ್ಳಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಂಚೆ ರಸೀದಿ ಜೋಪಾನ.

ಆದರೂ ಕೇಳದಿದ್ದರೆ?

ದುಡ್ಡು ಕೊಟ್ಟು ಕೆಲಸ ಮಾಡಿಸಿದವರು ಗ್ರಾಹಕರು. ಗ್ರಾಹಕರ ರಕ್ಷಣೆಗೆ 1986ರಲ್ಲಿ ಕಾಯಿದೆ ಬಂತು. ಅದರ ಬದಲು 2019ರಲ್ಲಿ ಹೊಸ ಕಾಯಿದೆ ಆಯಿತು. ಗುತ್ತಿಗೆಗೆ ಒಪ್ಪಿಕೊಂಡು ಮಾಡಿದ ಕಟ್ಟಡ ಕೆಲಸವೂ ಇದರಲ್ಲಿ ಸೇರುತ್ತದೆ. ನೀವೇ ದಿನಗೂಲಿ ಕೊಟ್ಟು, ನೀವೇ ಹೇಳಿ ಮಾಡಿಸಿದರೆ ಆ ಮಾತು ಬೇರೆ.

ಮೊದಲು 1915ಕ್ಕೆ ಫೋನ್ ಮಾಡಿ. ಇದು ಗ್ರಾಹಕರ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಕೋಲಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ದೋಷ ಕಂಡ ಎರಡು ವರ್ಷದೊಳಗೆ ಕೊಡಬೇಕು. ಕೆಲಸಕ್ಕೆ ಕೊಟ್ಟ ದುಡ್ಡು 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ.

ಸಹಾಯ ಬೇಕಾದರೆ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯಿದೆ ಪ್ರಕಾರ ಹೆಂಗಸರಿಗೆ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಆದಾಯ ಎಷ್ಟು ಅಂತ ನೋಡುವುದಿಲ್ಲ. ಫೋನ್ ನಂಬರು 15100.

ಚೀಟಿ, ರಸೀದಿ, ಫೋಟೋ, ಪತ್ರದ ನಕಲು. ಈ ನಾಲ್ಕು ಇದ್ದರೆ ನಿಮ್ಮ ಮಾತಿಗೆ ತೂಕ.

ಬೀದಿಯ ಕಾಂಕ್ರೀಟು ರಸ್ತೆ

ನಮ್ಮ ಬೀದಿಗೆ ಹಾಕುವ ಕಾಂಕ್ರೀಟೂ ನಮ್ಮ ದುಡ್ಡೇ. ಅದನ್ನೂ ಹೀಗೇ ನೋಡಬಹುದು. ದಪ್ಪ ಎಷ್ಟು ಅಂತ ಅಂದಾಜು ಪಟ್ಟಿಯಲ್ಲಿ ಬರೆದಿರುತ್ತದೆ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯ್ತಿಯಲ್ಲಿ, ಪಟ್ಟಣದಲ್ಲಾದರೆ ಪುರಸಭೆ, ನಗರಸಭೆಯಲ್ಲಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಪ್ರಕಾರ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಅಂದಾಜು ಪಟ್ಟಿ, ಅಳತೆ ಪುಸ್ತಕದ ನಕಲು ಕೇಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿ. ಬಿಲ್ಲು ಆಗುವ ಮುಂಚೆ ಕೇಳಿದರೆ ಫಲ ಹೆಚ್ಚು.

ನೆನಪಿಡಿ

ಹಸಿ ಇರುವಾಗ ನೋಡಿ. ಖಾಲಿ ಚೀಲ ಎಣಿಸಿ. ನೀರು ಕುಡಿಸಿ. 28 ದಿನದವರೆಗೆ ಕೊನೆ ಕಂತು ಕೈಯಲ್ಲಿರಲಿ. ಎಲ್ಲವನ್ನೂ ಬರೆದಿಡಿ.

ಓದಿ, ಉತ್ತರ ಬರೆಯಿರಿ

1. ಒಂದು ಚೀಲ ಸಿಮೆಂಟಿಗೆ ಎಷ್ಟು ಬಿಂದಿಗೆ ನೀರು ಸಾಕು?
2. ಮರಳನ್ನು ಸೀಸೆಯಲ್ಲಿ ಪರೀಕ್ಷೆ ಮಾಡುವುದು ಹೇಗೆ?
3. 10 ಅಡಿ ಉದ್ದ, 10 ಅಡಿ ಅಗಲ, 4 ಇಂಚು ದಪ್ಪಕ್ಕೆ ಸುಮಾರು ಎಷ್ಟು ಚೀಲ ಸಿಮೆಂಟು ಬೇಕು? ಪಾಠದ ಲೆಕ್ಕ ನೋಡಿ ಮಾಡಿ.
4. ಕೂಲಿಯವರ ದುಡ್ಡು ಯಾಕೆ ಹಿಡಿದಿಡಬಾರದು?
5. ಮೇಲಿನ ಪತ್ರದಲ್ಲಿ ಖಾಲಿ ಇರುವ ಜಾಗ ತುಂಬಿ, ನಿಮ್ಮ ಸಹಿ ಹಾಕಿ.